ಫೋನಿಗೆ ಹೇಳದ ಜೇನಿನ ಮರ

ನಾವಿರುವ ಜಾಗವನ್ನು ಫೋನು ತಿಳಿದುಕೊಳ್ಳುವುದು ಸರಿಯೇ ಎಂದು ಕಳೆದ ಬೇಸಿಗೆಯಲ್ಲಿ ನಮ್ಮೂರು ಚೇಕಾಡಿಯ ಹನ್ನೊಂದು ಜನರನ್ನು ಕೇಳಿ, ಉತ್ತರಕ್ಕೊಂದರಂತೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿದ್ದೆ. ತಿಳಿದರೆ ಏನು ನಷ್ಟ ಎಂದವರು ಒಂಬತ್ತು ಮಂದಿ. ಅವರಲ್ಲಿ ಅಪ್ಪನೂ ಒಬ್ಬ.

"ಗದ್ದೆ, ಚಾಯ ಅಂಗಡಿ, ಮನೆ. ನಾ ಹೋಗೋದೇ ಮೂರು ಕಡೆ. ನೋಡ್ಕೊಳ್ಳಲಿ ಬಿಡು," ಎಂದು ನಕ್ಕಿದ್ದ.

ಮುಂದಿನ ವಾರ ಜೇನು ತೆಗೆಯಲು ಕಾಡಿಗೆ ಹೊರಟವನು ಫೋನನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟ.

"ಅಪ್ಪಾ, ಫೋನು ಮರ್ತೆ ನೀನು," ಎಂದೆ.

"ಮರ್ತಿಲ್ಲ. ಆ ಮರ ಎಲ್ಲಿದೆ ಅಂತ ನಿನ್ನ ಮಾವನಿಗೇ ಹೇಳಿಲ್ಲ, ಇದಕ್ಕೆ ಹೇಳ್ತೀನಾ? ಬೇರೆಯವರು ಮೊದ್ಲೇ ಹೋದ್ರೆ ನಮಗೆ ಬರೀ ಮೇಣ."

ಅವನ ಗೆರೆಯನ್ನು ಬೇಡ ಎಂದವರ ಸಾಲಿಗೆ ಸೇರಿಸಲು ನೋಟ್‌ಬುಕ್ ತೆರೆದೆ. ಹಿಂದಿನ ವರ್ಷ ಅವನ ಜೊತೆ ಹೋಗಿ ಬಂದು ಬರೆದಿದ್ದ ಪುಟ ಕಣ್ಣಿಗೆ ಬಿತ್ತು. ಜೇನು ತೆಗೆದ ತಾರೀಖು, ಸಿಕ್ಕಿದ್ದು ಆರು ಬಾಟಲಿ, ಹಳ್ಳ ದಾಟಿ ಎಡಕ್ಕೆ ಮೂರನೆಯ ಮರ. ಈ ನೋಟ್‌ಬುಕ್ಕನ್ನು ನಾನು ದಿನವೂ ಮಾನಂದವಾಡಿಯ ಬಸ್ಸಿನಲ್ಲಿ ಕಾಲೇಜಿಗೆ ಒಯ್ಯುತ್ತೇನೆ. ಅದರಲ್ಲಿ ಏನು ಬರೆದಿದ್ದೀಯೆಂದು ಅಪ್ಪ ಒಮ್ಮೆಯೂ ಕೇಳಿರಲಿಲ್ಲ. ತಾರೀಖನ್ನೂ ಬಾಟಲಿಗಳನ್ನೂ ಉಳಿಸಿ, ಮರದ ಜಾಗ ಬರೆದಿದ್ದ ಸಾಲನ್ನು ಕಪ್ಪಾಗುವವರೆಗೆ ಗೀಚಿದೆ.