ಎಡಗಣ್ಣಿನ ಕೆಳಗಿನ ಚುಕ್ಕಿ

ಒಸಾಕಾದ ಜೂಸೊ ಪೇಟೆಯಲ್ಲಿ, ಕರಿದ ಎಣ್ಣೆಯ ವಾಸನೆ ಮೂರನೆಯ ಮಹಡಿಗೂ ಏರಿ ಬರುವ ಒಂದು ಕಟ್ಟಡದಲ್ಲಿ ಆರು ಜನ ಸೇರಿ ವಿಡಿಯೊ ಗೇಮ್ ತಯಾರಿಸುತ್ತಿದ್ದರು. ಐವರು ಹುಡುಗರು. ಆರನೆಯವಳು ತಾಮಾಯೊ ಇಸೊಗಾಯ್, ಅರವತ್ತರ ಹತ್ತಿರದವಳು, ಒಂಟಿ. ಮಧ್ಯಾಹ್ನ ಹುಡುಗರೆಲ್ಲ ಒಟ್ಟಾಗಿ ನೂಡಲ್ಸ್ ತಿನ್ನಲು ಇಳಿದು ಹೋದರೆ ಅವಳು ಕಂಪ್ಯೂಟರಿನ ಮುಂದೆಯೇ ಅನ್ನದುಂಡೆ ಬಿಚ್ಚಿಕೊಳ್ಳುತ್ತಿದ್ದಳು. ಕರೆದಿದ್ದರೆ ಹೋಗುತ್ತಿದ್ದಳು. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಚುಕ್ಕಿಗೆ ಚುಕ್ಕಿ ಜೋಡಿಸಿ ಆಟದೊಳಗಿನ ಪ್ರಾಣಿಗಳನ್ನು ಬಿಡಿಸುವುದು ಅವಳ ಕೆಲಸ. ಈ ಸಲ ಅವಳು ಬಿಡಿಸಿದ ನೀರುನಾಯಿ ಮರಿಯನ್ನು ಜನ ಮೆಚ್ಚಿದರು, ಆಟ ಚೆನ್ನಾಗಿ ಓಡಿತು. ಓಡಿದ್ದೇ ತಪ್ಪಾಯಿತು. ಟೋಕಿಯೊದ ಶಿರೋಮಿನೆ ಎಂಬ ದೊಡ್ಡ ಕಂಪನಿ ನೋಟಿಸು ಕಳಿಸಿತು: ಇದು ನಮ್ಮ ಮೊಕ್ಯುವಿನ ನಕಲು, ಆಟ ನಿಲ್ಲಿಸಿ, ನಷ್ಟ ತುಂಬಿಕೊಡಿ.

ಮೊಕ್ಯುವನ್ನು ಅರಿಯದವರು ಆ ದೇಶದಲ್ಲಿಲ್ಲ. ಊಟದ ಡಬ್ಬಿಯಿಂದ ಹಿಡಿದು ರೈಲಿನ ಮೈವರೆಗೆ ಅದೇ ನೀರುನಾಯಿ. ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು, ಎಡಗಣ್ಣಿನ ಕೆಳಗಿನ ಒಂದು ಬಿಳಿ ಚುಕ್ಕಿಗೆ ವಕೀಲರು ಕೆಂಪು ಸುತ್ತು ಹಾಕಿದ್ದರು.

ಮಾಲೀಕ ನಿಶಿವಾಕಿ ತಲೆ ಕೆರೆದುಕೊಂಡ. "ಇಸೊಗಾಯ್ ಸಾನ್, ಕಿವಿ ಬಾಲ ಬಿಡಿ, ನೀರುನಾಯಿ ಅಂದ್ಮೇಲೆ ಇರ್ತವೆ. ಈ ಚುಕ್ಕಿ ಯಾಕ್ ಹಾಕಿದ್ರಿ?"

"ಕೈ ತಾನಾಗೇ ಹೋಯ್ತು."

"ಕೈ ಒಂದೇ ಹೋಯ್ತಾ? ನೀವೆಲ್ಲಿಗೆ ಹೋಗಿದ್ರಿ ಆಗ?"

ಹುಡುಗರು ನಕ್ಕರು. ತಾಮಾಯೊ ನಗಲಿಲ್ಲ. ಆ ಚುಕ್ಕಿ ಯಾಕೆಂದು ಅವಳಿಗೆ ಗೊತ್ತಿತ್ತು. ಹಳೆಯ ದಪ್ಪ ಗಾಜಿನ ಟೀವಿಗಳಲ್ಲಿ ಬಣ್ಣ ಸ್ವಲ್ಪ ಹರಡಿಕೊಳ್ಳುತ್ತಿತ್ತು. ಕಣ್ಣಿನ ಕೆಳಗೆ ಒಂದು ಬಿಳಿ ಚುಕ್ಕಿಯಿಟ್ಟರೆ ಅದು ಹರಡಿ, ಮರಿ ಈಗಷ್ಟೇ ಅತ್ತು ಸುಮ್ಮನಾದಂತೆ ಕಣ್ಣು ಒದ್ದೆಯಾಗಿ ಕಾಣುತ್ತಿತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ಅದನ್ನು ಕಂಡುಕೊಂಡವಳು ಅವಳೇ. ಮೊಕ್ಯುವನ್ನು ಬಿಡಿಸಿದವಳೂ ಅವಳೇ.

ಆಗ ಅವಳು ಶಿರೋಮಿನೆಗೆ ಗುತ್ತಿಗೆಯ ಮೇಲೆ ಚಿತ್ರ ಮಾಡಿಕೊಡುತ್ತಿದ್ದ ಸಣ್ಣ ಅಂಗಡಿಯಲ್ಲಿದ್ದಳು. ಅಂಗಡಿ ಎಂದೋ ಮುಚ್ಚಿತು. ಒಳ್ಳೆಯ ಕೈಗಳನ್ನು ಬೇರೆ ಕಂಪನಿಯವರು ಎಳೆದುಕೊಂಡಾರೆಂಬ ಭಯದಿಂದ ಆ ಕಾಲದಲ್ಲಿ ಆಟದ ಕೊನೆಯಲ್ಲಿ ಯಾರ ನಿಜವಾದ ಹೆಸರನ್ನೂ ಹಾಕುತ್ತಿರಲಿಲ್ಲ. ಅವಳು ತನಗಿಷ್ಟವಾದ ಹುರಿದ ಸೋಯಾ ಹಿಟ್ಟಿನ ಹೆಸರನ್ನೇ ಇಟ್ಟುಕೊಂಡಳು: ಕಿನಾಕೊ. ಮುಂದೆ ಪತ್ರಿಕೆಗಳು ಶಿರೋಮಿನೆಯ ನಿರ್ದೇಶಕನೊಬ್ಬನನ್ನು 'ಮೊಕ್ಯುವಿನ ತಂದೆ' ಎಂದು ಮೆರೆಸಿದವು. ತಾಯಿ ಯಾರೆಂದು ಒಬ್ಬರೂ ಕೇಳಲಿಲ್ಲ.

ಈಗ ಹೇಳಿಬಿಡೋಣವೆಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಿಶಿವಾಕಿಯ ವಕೀಲ ಬಂದು ಬಾಯಿ ಮುಚ್ಚಿಸಿದ.

"ಮೊಕ್ಯುನ ನೋಡಿ ಮರುಳಾಗಿ ಬರೆದ್ವಿ ಅಂದ್ರೆ ಕ್ಷಮಿಸ್ತಾರೆ. ಅವರ ಕೆಲಸ ಮಾಡಿದ ಕೈ ನಿಮ್ಮಲ್ಲಿದೆ ಅಂತ ಗೊತ್ತಾದ್ರೆ ಮಾತ್ರ ಕಳ್ಳತನ ಅಂತಾರೆ. ಆಮೇಲೆ ಬಾಗಿಲು ಮುಚ್ಕೊಂಡು ಮನೆಗೆ ಹೋಗಿ. ಅಂಥವರು ಯಾರೂ ಇಲ್ವಲ್ಲ?"

"ಇಲ್ಲ," ಎಂದಳು ತಾಮಾಯೊ, ಯಾರೂ ತನ್ನನ್ನು ಕೇಳದಿದ್ದರೂ.

ವಕೀಲ ಮಾತಾಡಿದ ಮೇಲೆ ಶಿರೋಮಿನೆ ಪಟ್ಟು ಸಡಿಲಿಸಿತು. ಚಿತ್ರ ಬದಲಿಸಿ, ಬಿಡಿಸಿದವರೇ ಬಂದು ತಪ್ಪೊಪ್ಪಿಕೊಂಡರೆ ಸಾಕೆಂದಿತು. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗುವುದುಂಟೆ? ನಿಶಿವಾಕಿ ಆರಿಸಿ ಆರಿಸಿ ಭಾರವಾದ ಸಿಹಿಯ ಪೆಟ್ಟಿಗೆ ಕೊಂಡ. ತಪ್ಪು ದೊಡ್ಡದಾದಷ್ಟೂ ಪೆಟ್ಟಿಗೆಗೂ ತೂಕವಿರಬೇಕು. ಟೋಕಿಯೊವರೆಗೂ ಅದನ್ನು ತಾಮಾಯೊ ಮಡಿಲಲ್ಲಿಟ್ಟುಕೊಂಡಿದ್ದಳು.

ಅಲ್ಲಿ ಒಬ್ಬ ಎಳೆಯ ಅಧಿಕಾರಿಯ ಮುಂದೆ ಅವಳು ಸೊಂಟ ಬಗ್ಗಿಸಿ ನಿಂತಳು. "ನಿಮ್ಮ ಮೊಕ್ಯುವನ್ನ ನೋಡಿ ನಕಲು ಮಾಡಿದೆ. ದೊಡ್ಡ ತಪ್ಪಾಯ್ತು."

ಅವನು ಒಳ್ಳೆಯವನೇ. ಕೂರಿಸಿ ಟೀ ಕೊಡಿಸಿದ. "ನಮ್ ನಿರ್ದೇಶಕರು ಮಾಡಿದ ಮೊಕ್ಯುಗೆ ಯಾರು ತಾನೇ ಮನಸೋಲಲ್ಲ, ಹೇಳಿ? ಆದ್ರೆ ಆ ಚುಕ್ಕಿ ಯಾಕೆ ಅಂತ ನಮ್ಮಲ್ಲೇ ಯಾರಿಗೂ ಗೊತ್ತಿಲ್ಲ ನೋಡಿ. ಈಗಿನ ಪರದೆ ಮೇಲೆ ಕಸ ಅಂಟಿದ ಹಾಗೆ ಕಾಣುತ್ತೆ. ಮುಂದಿನ ಆಟದಲ್ಲಿ ತೆಗೀತಿದ್ದೀವಿ. ನಿಮಗೇನಾದ್ರೂ ಹೊಳೀತಾ, ಬರೀವಾಗ?"

ತಾಮಾಯೊ ಟೀ ಲೋಟ ಕೆಳಗಿಟ್ಟಳು. ಪಕ್ಕದಲ್ಲಿ ಕೂತಿದ್ದ ನಿಶಿವಾಕಿ ಸಿಹಿಯ ಪೆಟ್ಟಿಗೆಯನ್ನು ಅಧಿಕಾರಿಯ ಕಡೆಗೆ ಇನ್ನಷ್ಟು ಸರಿಸಿದ.

"ಇಲ್ಲ. ಕಂಡ ಹಾಗೆ ಬರೆದೆ, ಅಷ್ಟೆ."

ಅಧಿಕಾರಿ ತಪ್ಪೊಪ್ಪಿಗೆಯ ಹಾಳೆಯನ್ನು ಮುಂದಿಟ್ಟ. ಅವಳು ಹೆಸರು ಬರೆದು, ಚೀಲದಿಂದ ತನ್ನ ಹೆಸರಿನ ಮೊಹರು ತೆಗೆದು ಒತ್ತಿದಳು.

ಲಿಫ್ಟಿನಲ್ಲಿ ನಿಶಿವಾಕಿ ಉಸಿರು ಬಿಟ್ಟ. "ಬದುಕಿಸಿದ್ರಿ! ಈಗಾದ್ರೂ ನಿಜ ಹೇಳಿ, ಇಸೊಗಾಯ್ ಸಾನ್. ನೋಡ್ಕೊಂಡೇ ಬರೆದ್ರಿ ತಾನೇ?"

ಇವನೊಬ್ಬನಿಗಾದರೂ ಹೇಳಲೇ ಎಂದು ಜೀವ ತುಡಿಯಿತು. ಆದರೆ ಇವನ ಬಾಯಿ ಜೂಸೊ ಪೇಟೆಗೆಲ್ಲ ಗೊತ್ತು.

"ಹೌದಪ್ಪಾ, ನೋಡ್ಕೊಂಡೇ ಬರೆದೆ."

"ನಂಗೊತ್ತಿತ್ತು ಬಿಡಿ!" ಎಂದು ಅವನು ಗಹಗಹಿಸಿ ನಕ್ಕ. ಅವನು ಹುಡುಗರಿಗೆ ಫೋನು ಮಾಡುತ್ತಾ ಮುಂದೆ ನಡೆದ. ಅವಳು ಹಿಂದೆ ಉಳಿದಳು.

ರೈಲು ಒಸಾಕಾದ ಕಡೆ ಹೊರಟಾಗ ಅವಳ ಮಡಿಲು ಖಾಲಿಯಾಗಿತ್ತು. ಮೊಕ್ಯು ಹುಟ್ಟಿ ಇಷ್ಟು ವರ್ಷಗಳಾದ ಮೇಲೆ ಅದರ ಹೆಸರಿನ ಪಕ್ಕದಲ್ಲಿ ತಾಮಾಯೊ ಇಸೊಗಾಯ್ ಎಂಬ ಹೆಸರು ಇಂದು ಮೊದಲ ಸಲ ಬಿದ್ದಿತ್ತು, ಆ ತಪ್ಪೊಪ್ಪಿಗೆಯ ಹಾಳೆಯಲ್ಲಿ.