ಡಿಸ್ಕಿನಲ್ಲಿ ಉಳಿದ ತಂದೆಯ ದನಿ

ಭಕ್ತ ಬಂಧುಗಳೇ, ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ರಾಣೆಬೆನ್ನೂರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ನಡೆಯುತ್ತಿರುವ ಯಂತ್ರಕ್ಕೇ ಪೂಜೆ ಸಲ್ಲಬೇಕೆಂಬುದು ನಮ್ಮಪ್ಪನ ಕಾಲದ ಹಟ. ಹಾಗಾಗಿ ಕಳೆದ ಆಯುಧಪೂಜೆಯಂದು ಕಂಪ್ಯೂಟರ್ ಆರಿಸದೆಯೇ ಚೆಂಡುಹೂವಿನ ಮಾಲೆ ಹಾಕಲು ಹೋದೆ. ಮಾಲೆ ವೈರ್‌ಗೆ ಸಿಕ್ಕಿ, ಮದುವೆ ವಿಡಿಯೊಗಳಿದ್ದ ಹಾರ್ಡ್‌ಡಿಸ್ಕ್ ನೆಲಕ್ಕೆ ಬಿತ್ತು. ಎತ್ತಿ ಹಚ್ಚಿದರೆ ಟಕ್ ಟಕ್ ಸದ್ದು. ಹತ್ತು ಸಲ ಕಿತ್ತು ಹಚ್ಚಿದೆ. ನನ್ನ ಹುಚ್ಚಾಟಕ್ಕೆ ಅದು ಇನ್ನಷ್ಟು ಹದಗೆಟ್ಟಿತು.

ಮರುದಿನವೇ ಹಲಗೇರಿಯ ಶಬಾನಾ ಬಂದಳು. ಅವಳ ಮದುವೆ ಚಿತ್ರೀಕರಿಸಿದವನು ನಾನೇ. "ಅಣ್ಣಾರ, ಅಬ್ಬಾ ತೀರಿಕೊಂಡು ಎಂಟು ದಿನಾ ಆತ್ರಿ. ಮದುವಿ ವಿಡಿಯೊ ಬಿಟ್ಟರ ಅವರ ದನಿ ಮತ್ತೆಲ್ಲೂ ಇಲ್ಲ. ಲಗೂ ಕೊಡ್ರಿ," ಎಂದಳು. ಎಡಿಟಿಂಗ್ ಮುಗಿಸದೆ ಸತಾಯಿಸಿದ್ದೆ. ಬೇರೆ ಪ್ರತಿಯೂ ಇರಲಿಲ್ಲ. ವಾರ ಬಿಟ್ಟು ಬಾರವ್ವ ಎಂದು ಕಳಿಸಿದೆ.

ಹಾವೇರಿಯಲ್ಲಿ ಕಂಪ್ಯೂಟರ್ ಕಲಿಸುವ ಗಿರಿಜಾ ಮೇಡಂ ಹತ್ತಿರ ಡಿಸ್ಕ್ ಹಿಡಿದು ಓಡಿದೆ. "ಸೋತು ಬಿದ್ದ ಎತ್ತಿಗೆ ಬಾರಕೋಲು ಹಾಕಿದ್ರ ಏಳತೈತೇನ್ರಿ?" ಎಂದು ಬೈದರು. ಆಮೇಲೆ ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪ್ ಮಾಡಿದರು. "ಇದು ಓದಾಕ ಬರೂದನ್ನ ಮೊದಲ ಹೊಸಾ ಡಿಸ್ಕಿಗೆ ಎತ್ತಿಕೋತೈತಿ. ಕೆಟ್ಟ ಜಾಗಾ ಗುರ್ತು ಇಟ್ಟುಕೊಂಡು, ಆಮ್ಯಾಲೆ ಹೊಳ್ಳಿ ಬಂದು ನೋಡತೈತಿ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ."

ಕೈ ಕಟ್ಟಿ ಕೂರುವುದು ನನ್ನಿಂದಾಗದ ಕೆಲಸ. ಶನಿವಾರ ಆಂಜನೇಯನ ದರ್ಶನಕ್ಕೆಂದು ಬ್ಯಾಡಗಿಗೆ ಹೋಗಿ ಕದರಮಂಡಲಗಿ ಬಸ್ ಹಿಡಿದೆ. ದಾರಿಯಲ್ಲೇ ಮೇಡಂ ಫೋನ್: "ಅರ್ಧಕ್ಕ ನಿಂತೈತ್ರಿ. ಕಂಪ್ಯೂಟರಿಗೆ ಡಿಸ್ಕ್ ಕಾಣವಲ್ದು." ಆಂಜನೇಯನೆದುರು ನಿಂತಾಗ ಹರಕೆ ಹೊರಲು ಬಾಯೇ ಬರಲಿಲ್ಲ. "ತಪ್ಪು ನಂದು. ಶಿಕ್ಷಾ ಆ ಹುಡುಗಿಗೆ ಬ್ಯಾಡೋ ನಮ್ಮಪ್ಪಾ," ಎಂದು ಎಲ್ಲರೆದುರೇ ಅತ್ತುಬಿಟ್ಟೆ.

ತೀರ್ಥ ತೆಗೆದುಕೊಂಡು ಹೊರಬರುವಾಗ ಮತ್ತೆ ಫೋನ್. ಡಿಸ್ಕ್ ಆರಿಸಿ, ತಣ್ಣಗಾಗಲು ಬಿಟ್ಟು, ಅದೇ ಸಾಲನ್ನು ಮತ್ತೆ ಕೊಟ್ಟಿದ್ದರಂತೆ. "ನಿಂತಲ್ಲಿಂದನ ಮತ್ತ ಓದಾಕತ್ತೈತ್ರಿ!" ತಣ್ಣಗಾಗಿದ್ದಕ್ಕೆ ಓದಿತು ಎನ್ನುತ್ತಾರೆ ಮೇಡಂ. ಅವರ ಮಾತೂ ಖರೆ ಇರಬಹುದು. ನಾನು ಮಾತ್ರ ಕೃಪೆ ಎನ್ನುತ್ತೇನೆ.

ಶಬಾನಾ ಬಂದಾಗ ಎಲ್ಲವನ್ನೂ ಒಪ್ಪಿಕೊಂಡು ವಿಡಿಯೊ ಹಚ್ಚಿದೆ. ಅವಳ ತಂದೆ ಮಾತಾಡುವಲ್ಲಿ ಚಿತ್ರ ಒಡೆದು ಚೂರಾಗಿತ್ತು. ದನಿ ಮಾತ್ರ ಸ್ವಚ್ಛವಾಗಿತ್ತು. "ಕ್ಯಾಮೆರಾ ಬಂದ್ ಮಾಡ್ರಿ ಸಾಹೇಬ್ರ. ನನ್ನ ಮಗಳು ಮುಂಜಾನಿಂದ ಏನೂ ತಿಂದಿಲ್ಲ. ಮೊದಲ ಉಣ್ಣಲಿ." ಅಂದು ಈ ಮಾತಿಗೆ ನಾನು ಸಿಡುಕಿದ್ದೆ.

"ಉಂಡೇನಿ ಅಬ್ಬಾ," ಎಂದಳು ಶಬಾನಾ, ಪರದೆಗೆ. "ಉಂಡೇನಿ."

ಒಬ್ಬ ಮಗಳಿಗೆ ತಂದೆಯ ಮಾತನ್ನು ಮರಳಿಸಿದ ಕದರಮಂಡಲಗಿಯ ಒಡೆಯನ ಪಾದಕ್ಕೆ ನಾನು ಶರಣು.