ತಾಳಿ ಹಿಡಿಯುವ ಕೈ

ಶಹಾಪುರ ಬಸ್ ನಿಲ್ದಾಣದ ಹಿಂದಿನ ಸ್ಕ್ಯಾನಿಂಗ್ ಸೆಂಟರಿನ ಬಾಗಿಲು ಬೆಳಕು ಹರಿಯುವ ಹೊತ್ತಿಗೇ ತೆರೆಯುತ್ತದೆ. ತೆರೆಯುವವರು ಇಲ್ಲಿನ ಆಯಾ ಗೊಲ್ಲಾಳಮ್ಮ. ಬೋನಾಳದಿಂದ ಮೊದಲ ಬಸ್ಸಿಗೆ ಬಂದು ಕಸ ಹೊಡೆದು, ನೆಲ ಒರೆಸಿ, ಮಂಚಕ್ಕೆ ಒಗೆದ ಹಾಸು ಹಾಕುತ್ತಾರೆ. ಡಾಕ್ಟರು ಬರುವ ಮುಂಚೆಯೇ ಬಂದು ಕೂತವರ ಅಂಜಿಕೆ ಬಿಡಿಸುವುದೂ ಅವರ ಪಾಲಿಗೇ ಬಂದಿದೆ. ಅದಕ್ಕೆ ಸಂಬಳ ಬೇರೆ ಇಲ್ಲ ಬಿಡಿ.

ಇಲ್ಲಿಗೆ ಬರುವವರಲ್ಲಿ ಗರ್ಭಿಣಿಯರೇ ಹೆಚ್ಚು. ಕುತ್ತಿಗೆ ತೋರಿಸಲು ಬರುವವರು ವಾರಕ್ಕೆ ಒಬ್ಬಿಬ್ಬರು. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕುತ್ತಿಗೆಯ ಎರಡೂ ಬದಿಗೆ ಹಾದುಹೋಗುತ್ತವೆ. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು ಸೇರಿದರೆ ಒಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ಅದರ ಚೂರು ಕಿತ್ತು ಮೇಲೆ ಹೋದರೆ ಒಂದು ಕಣ್ಣಿಗೆ ಒಮ್ಮೆಲೇ ಕತ್ತಲೆ, ಕೈಯಲ್ಲಿ ಸೋಲು, ಮಾತು ತೊದಲು. ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ, ಜನ ಮರೆತುಬಿಡುತ್ತಾರೆ. ಮರೆತವರನ್ನು ಲಕ್ವ ಹುಡುಕಿಕೊಂಡು ಬರುತ್ತದೆ.

ಸ್ಕ್ಯಾನಿಂಗಿನಲ್ಲಿ ನೋವಿಲ್ಲ, ಆದರೆ ಕುತ್ತಿಗೆ ಬರಿದಾಗಿರಬೇಕು. ಹೆಂಗಸರ ಕೊರಳಲ್ಲಿ ತಾಳಿ ಇರುತ್ತದಲ್ಲ, ಅಲ್ಲಿಗೆ ಎಲ್ಲ ನಿಂತುಬಿಡುತ್ತದೆ. ಗೊಲ್ಲಾಳಮ್ಮ ಅದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಸರವನ್ನು ಎದೆಯ ಕೆಳಗೆ ಎಳೆದುಕೊಂಡು ಬಲಗೈ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಲು ಹೇಳುತ್ತಾರೆ. ತಾವು ಮಾತ್ರ ಅದನ್ನು ಮುಟ್ಟುವುದಿಲ್ಲ.

"ನಾ ಗಂಡ ಸತ್ತಾಕಿ ಅದೀನ್ರಿ. ನನ್ನ ಕೈ ತಾಗಿದ್ರ ಅವರ ಜೀವ ಝಲ್ ಅಂತದ," ಎಂದು ಕೈಗಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಈ ಉಪಾಯ ಹೊಳೆಯುವ ಮುಂಚೆ, ಹುಣಸಗಿ ಕಡೆಯ ಒಬ್ಬ ಹೆಣ್ಣುಮಗಳು ತಾಳಿ ತೆಗೆಯಲು ಒಪ್ಪದೆ ಹಾಗೆಯೇ ಎದ್ದು ಹೋದಳಂತೆ. ಮುಂದೆ ಅವಳಿಗೆ ಲಕ್ವ ಹೊಡೆಯಿತು. ಅವಳು ಎದ್ದು ಹೋದ ದಿನ ಗೊಲ್ಲಾಳಮ್ಮ ಇದೇ ಬಾಗಿಲಲ್ಲಿ ನಿಂತಿದ್ದರು.

"ಒಂದ ಮಾತು ಹೇಳಿದ್ರ ಆಕಿ ಕೂಡ್ತಿದ್ಲು. ಮುತ್ತೈದಿಯರ ಮಾತಿನಾಗ ನಂದೇನು ಅಂತ ಸುಮ್ಮನಾದೆ. ಈಗ ನೆನಸಿಕೊಂಡ್ರ ನನಗ ನಾಚಿಕಿ ಬರ್ತದ್ರಿ," ಎನ್ನುವಾಗ ಅವರು ಪತ್ರಿಕೆಗೆ ಬರೆಯಲು ಬಂದ ನನ್ನ ಮುಖ ನೋಡುವುದಿಲ್ಲ.

ನಾವು ಹೀಗೆ ಮಾತಾಡುತ್ತಿರುವಾಗಲೇ ಸುರಪುರದ ಡಾಕ್ಟರೊಬ್ಬರು ಕಳಿಸಿದ ಮಾನಮ್ಮ ಬರುತ್ತಾರೆ. ಕುರಿ ಸಾಕುವ ಮನೆಯವರು. ಹೋದ ವಾರ ಎಡಗಣ್ಣಿಗೆ ಕತ್ತಲೆ ಬಂದು ಹೋಗಿದೆ. ನಿನ್ನೆಯಿಂದ ಬಲಗೈ ಸೋತಿದೆ. ಬಾಗಿಲಿಂದ ಮಂಚದವರೆಗೆ ಗೊಲ್ಲಾಳಮ್ಮನೇ ಕೈಹಿಡಿದು ಕರೆತರುತ್ತಾರೆ.

ತಾಳಿಯ ಸರ ಸೋತ ಬಲಗೈಯಲ್ಲಿ ನಿಲ್ಲುವುದಿಲ್ಲ. ಸೆಂಟರಿನ ಡಾಕ್ಟರು ಕುತ್ತಿಗೆಗೆ ಯಂತ್ರದ ಹಿಡಿ ಇಟ್ಟರೆ ಸಾಕು, ಬೆರಳು ಸಡಿಲಾಗಿ ಸರ ಮತ್ತೆ ಕೊರಳಿಗೆ ಜಾರುತ್ತದೆ. ಎಡಗೈಯಲ್ಲಿ ಹಿಡಿಯಿರಿ ಎಂದರೆ ಮಾನಮ್ಮ ಗಾಬರಿಯಾಗುತ್ತಾರೆ. ತಾಳಿಯನ್ನು ಎಡಗೈಯಲ್ಲಿ ಹಿಡಿಯುವುದುಂಟೇ?

"ಇವತ್ತೇ ನೋಡಬೇಕು, ತಡ ಮಾಡುವಂಗಿಲ್ಲ," ಎನ್ನುತ್ತಾರೆ ಡಾಕ್ಟರು.

ಗೊಲ್ಲಾಳಮ್ಮ ನನ್ನ ಕಡೆ ತಿರುಗುತ್ತಾರೆ. "ಮೇಡಂರಿ, ನೀವು ಮುತ್ತೈದಿ ಅದೀರಿ. ನೀವ ಹಿಡೀರಿ."

ಇಂಥವನ್ನೆಲ್ಲ ನಂಬುವುದಿಲ್ಲ ಎಂದು ಭಾನುವಾರದ ಪುರವಣಿಯಲ್ಲಿ ಆಗಾಗ ಬರೆಯುವವಳು ನಾನು. ಆದರೂ ಒಂದು ಹೆಜ್ಜೆ ಮುಂದಿಡುತ್ತೇನೆ. ಅವರು ಹಿಂದೆ ಸರಿದ ಜಾಗಕ್ಕೆ ಅಷ್ಟು ಸಲೀಸಾಗಿ ಹೋಗಿ ನಿಲ್ಲುತ್ತೇನೆ.

"ಅವರು ಬ್ಯಾಡ, ಬರಕೋತ ನಿಂತಾರ, ಬರೀಲಿ ಬಿಡು," ಎಂದು ಮಾನಮ್ಮ ಮಲಗಿದಲ್ಲಿಂದಲೇ ಹೇಳುತ್ತಾರೆ. "ಯಕ್ಕಾ, ಬಂದಾಗಿಂದ ನನ್ನ ಕೈ ಹಿಡಿದಾಕಿ ನೀನು. ಇದನ್ನೂ ನೀನ ಹಿಡಿ."

ನನ್ನ ಕಿವಿ ಬಿಸಿಯಾಗುತ್ತದೆ. ನಾಚಿಕೆಯಿಂದ ತಲೆ ಎತ್ತಲಾಗುವುದಿಲ್ಲ. ಬಾಗಿಲಲ್ಲಿ ನಿಂತ ಮಾನಮ್ಮನ ಗಂಡ ಅಮಾತೆಪ್ಪ ತಡೆಯುವುದಿಲ್ಲ. ಆಯುಷ್ಯ ಅವನದೇ ಅಲ್ಲವೇ, ನೆಲ ನೋಡುತ್ತಾನೆ.

ಗೊಲ್ಲಾಳಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ, ಮತ್ತೊಮ್ಮೆ ಒರೆಸಿಕೊಳ್ಳುತ್ತಾರೆ. ಆಮೇಲೆ ಹಿಡಿಯುತ್ತಾರೆ. ಸ್ಕ್ಯಾನಿಂಗ್ ಮುಗಿಯುವವರೆಗೂ ಬಿಡುವುದಿಲ್ಲ.

ಎಡಗಡೆಯ ನಾಳ ಬಹಳ ಕಿರಿದಾಗಿದೆ. ರಕ್ತ ಹೆಪ್ಪುಗಟ್ಟದಂತೆ, ಕೊಬ್ಬು ಹೆಚ್ಚದಂತೆ ಇವತ್ತಿಂದಲೇ ಗುಳಿಗೆ, ಹಲ್ಲಿಗೆ ಉಜ್ಜುವ ತಂಬಾಕಿನ ಮಿಶ್ರಿ ಪೂರ್ತಿ ಬಂದ್. ತಡಮಾಡದೆ ಕಲಬುರಗಿಗೆ ಹೋಗಬೇಕು, ಅಲ್ಲಿ ನಾಳ ತೆರೆದು ಕೊಬ್ಬು ತೆಗೆಯಬಹುದು ಎಂದು ಡಾಕ್ಟರು ವಿವರಿಸುತ್ತಾರೆ. ಆಪರೇಶನ್ನಿಗೆ ತಾಳಿಯನ್ನು ಪೂರ್ತಿ ಬಿಚ್ಚಿಡಲೇಬೇಕು ಎಂದೂ ಹೇಳುತ್ತಾರೆ.

ಮಾನಮ್ಮ ಗೊಲ್ಲಾಳಮ್ಮನನ್ನು ನೋಡುತ್ತಾರೆ. "ನಿನ್ನ ಕೈಯಾಗ ಕೊಟ್ಟು ಒಳಗ ಹೋಗ್ತೀನಿ. ಬರ್ತೀಯೇನ ಯಕ್ಕಾ?"

ಗೊಲ್ಲಾಳಮ್ಮ ಡಾಕ್ಟರ ಮೇಜಿನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಾರೆ.

"ಸರ, ಇಷ್ಟು ವರ್ಷದಾಗ ಕೇಳಿಲ್ರಿ. ನನಗೊಂದಿನ ಸೂಟಿ ಬೇಕಾಗಿತ್ತು."